ಬಾಗಿಲು ಹಾಕಿದ ಗೂಡಿನಲ್ಲಿ ಎಷ್ಟು ಹೊತ್ತು?

ಮೂರು ವರ್ಷಗಳ ಹಿಂದೆ ಪುಣೆಯ ನಮ್ಮ ಫ್ಲ್ಯಾಟಿಗೆ ಹತ್ತು ವಾರದ ನಾಯಿಮರಿಯೊಂದು ಬಂತು. ಬೀದಿಯ ತಳಿ, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಚಟ್ನಿ ಎಂದು ಹೆಸರಿಟ್ಟೆವು. ಮರಿಗಿಂತ ಎರಡು ದಿನ ಮೊದಲೇ ಅದರ ಕ್ರೇಟ್ ಬಂದಿತ್ತು. ತಂತಿಯ, ಮಡಚಿ ಇಡಬಹುದಾದ ಗೂಡು. ನಾನೂ ಹೆಂಡತಿಯೂ ವಿಡಿಯೊಗಳನ್ನು ನೋಡಿ ಪಾಠ ಒಪ್ಪಿಸುವಷ್ಟು ಕಲಿತಿದ್ದೆವು: ನಾಯಿ ಗುಹೆಯಲ್ಲಿ ಮಲಗುವ ಪ್ರಾಣಿ, ಗೂಡಿನಲ್ಲಿದ್ದರೆ ಅದಕ್ಕೆ ನೆಮ್ಮದಿ, ಮಲಗುವ ಜಾಗವನ್ನು ಅದು ಹೊಲಸು ಮಾಡುವುದಿಲ್ಲ.

ಮೊದಲ ವಾರ ರಜೆ ಹಾಕಿದ್ದೆವು. ಎಂಟನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಮರಿಯನ್ನು ಗೂಡಿನೊಳಗೆ ಬಿಟ್ಟು, ಬಾಗಿಲು ಹಾಕಿ, ಇಬ್ಬರೂ ಹಿಂಜವಡಿಗೆ ಹೊರಟೆವು. ಬಂದದ್ದು ಸಂಜೆ ಆರೂವರೆಗೆ. ಮರುದಿನವೂ ಹಾಗೆಯೇ. ಧಾರವಾಡದಿಂದ ಫೋನಿನಲ್ಲಿ ಅವ್ವ ಕೇಳಿದಳು, "ಅಲ್ಲೋ, ದಿನಾ ಹೀಂಗ ಪೆಟ್ಟಿಗ್ಯಾಗ ಹಾಕಿ ಕೀಲಿ ಹಾಕೋದಿದ್ರ ಅದನ್ಯಾಕ ತಂದ್ರಿ?" ಇದು ಪೆಟ್ಟಿಗೆ ಅಲ್ಲ, ತರಬೇತಿ ಎಂದು ವಿವರಿಸಿದೆ. ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡೆ.

ಹನ್ನೊಂದು ಗಂಟೆಗೆ ಪಾತ್ರೆ ತೊಳೆಯಲು ಬರುವ ಮಾವಶಿಗೆ ಗೂಡು ತೆರೆಯಬೇಡಿ ಎಂದಿದ್ದೆವು. ಎರಡನೆಯ ಶನಿವಾರ ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟೇ: "ಮೊದಮೊದಲು ನಾನು ಹೊರಟಾಗ ಅಳುತ್ತಿತ್ತು. ಈಗ ಅಳುವುದಿಲ್ಲ. ಗೋಡೆ ಕಡೆ ಮುಖ ಮಾಡಿ ಕೂತಿರುತ್ತದೆ." ಮರಿ ಸುಮ್ಮನಾಗಿದೆ ಎಂದು ನಾವು ಆ ವಾರವೇ ಖುಷಿಪಟ್ಟಿದ್ದೆವು. ಗೂಡಿನ ಹಾಸಿಗೆ ದಿನವೂ ಒದ್ದೆಯಾಗಿರುತ್ತಿದ್ದುದನ್ನು ತೊಳೆದು ಒಣಗಿಸುತ್ತಿದ್ದೆವೇ ಹೊರತು ಯಾಕೆ ಎಂದು ಕೇಳಿಕೊಂಡಿರಲಿಲ್ಲ.

ಈ ಪತ್ರ ಓದುವವರಲ್ಲಿ ಅನೇಕರ ಮನೆ ನಮ್ಮದರ ಹಾಗೆಯೇ ಇರುತ್ತದೆ. ಮುಂಬೈಯೋ ಹೈದರಾಬಾದೋ, ಇಬ್ಬರಿಗೂ ಕೆಲಸ, ಊರಿನ ಅಂಗಳವಿಲ್ಲ, ಹಗಲು ಮನೆಯಲ್ಲಿ ಅಜ್ಜಿಯಿಲ್ಲ. ಅದಕ್ಕಾಗಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಆರು ತಿಂಗಳೊಳಗಿನ ಮರಿಯನ್ನು ಹಗಲು ಬಾಗಿಲು ಹಾಕಿದ ಗೂಡಿನಲ್ಲಿ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು. ಎರಡು ಮೂರು ತಿಂಗಳ ಮರಿಗೆ ಎರಡು ಗಂಟೆಯೇ ಬಹಳ. ಇದು ಸಾಧ್ಯವಿಲ್ಲದ ಮನೆಗೆ ಮರಿ ತರಬಾರದು.

ತರಬೇತುದಾರರಲ್ಲಿ ಒಂದು ಸುಲಭ ಲೆಕ್ಕ ಪ್ರಚಲಿತವಿದೆ: ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಅಷ್ಟು ಗಂಟೆ. ಆದರೆ ಇದು ಮರಿ ಹೆಚ್ಚೆಂದರೆ ಎಷ್ಟು ಹೊತ್ತು ಉಚ್ಚೆ ತಡೆದುಕೊಳ್ಳಬಹುದು ಎಂಬುದರ ಅಂದಾಜು ಮಾತ್ರ. ಅಷ್ಟು ಹೊತ್ತು ಕೂಡಿಹಾಕಲು ಕೊಟ್ಟ ಅನುಮತಿಯಲ್ಲ. ಆ ಲೆಕ್ಕ ಹಿಡಿದರೂ ಚಟ್ನಿಯ ಮಿತಿ ಮೂರೂವರೆ ಗಂಟೆ ಆಗುತ್ತಿತ್ತು. ನಾವು ಇಟ್ಟದ್ದು ಒಂಬತ್ತೂವರೆ. ನಾಯಿ ತನ್ನ ಹಾಸಿಗೆ ಹೊಲಸು ಮಾಡುವುದಿಲ್ಲ ಎಂಬ ಸ್ವಭಾವದ ಮೇಲೇ ಕ್ರೇಟ್ ತರಬೇತಿ ನಿಂತಿದೆ. ಬೇರೆ ದಾರಿಯಿಲ್ಲದೆ ಮರಿ ದಿನವೂ ಅಲ್ಲೇ ಮಾಡಿಕೊಂಡರೆ ಆ ಸ್ವಭಾವವೇ ಸಡಿಲವಾಗುತ್ತದೆ. ಮನೆ ಸ್ವಚ್ಛವಾಗಿರಲಿ ಎಂದು ತಂದ ಗೂಡು ಮರಿಗೆ ಉಲ್ಟಾ ಪಾಠ ಕಲಿಸುತ್ತದೆ.

ಉಚ್ಚೆಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ, ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಅವರು ತೋರಿಸಿಕೊಟ್ಟದ್ದು, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಜಗತ್ತಿಗೆ ತೆರೆದಿರುತ್ತದೆ ಎಂಬುದನ್ನು. ಆಗ ಪರಿಚಯವಾದ ಮನುಷ್ಯರು, ಸದ್ದುಗಳು, ವಸ್ತುಗಳು ಮುಂದೆ ಹೆದರಿಸುವುದಿಲ್ಲ. ಆಮೇಲೆ ಆ ಅವಕಾಶ ನಿಧಾನವಾಗಿ ಕಡಿಮೆಯಾಗುತ್ತದೆ. ನಮ್ಮ ಮರಿಗೆ ಉಳಿದಿದ್ದ ಆ ಕೊನೆಯ ದಿನಗಳನ್ನು ನಾವು ಗೋಡೆ ನೋಡಲು ಕೊಟ್ಟೆವು. ಇಂದಿಗೂ ಹೆಲ್ಮೆಟ್ ಹಾಕಿದವರು ಬಾಗಿಲಿಗೆ ಬಂದರೆ ಚಟ್ನಿ ಸೋಫಾದ ಹಿಂದೆ ಹೋಗುತ್ತಾಳೆ. ಅದಕ್ಕೆ ಆ ದಿನಗಳೇ ಕಾರಣ ಎಂದು ಸಾಬೀತು ಮಾಡಲಾರೆ. ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

"ನಾಯಿ ಗುಹೆಯ ಪ್ರಾಣಿ" ಎಂಬ ವಾದಕ್ಕೆ ಉತ್ತರ ನಮ್ಮ ಬೀದಿಯಲ್ಲೇ ಇದೆ. ಈಯ್ದ ನಾಯಿ ಮರಳಿನ ರಾಶಿಯಲ್ಲೋ, ನಿಂತ ಕಾರಿನ ಕೆಳಗೋ ಗುಂಡಿ ತೋಡಿ ಮರಿಗಳನ್ನು ಇಡುತ್ತದೆ, ನಿಜ. ಆದರೆ ಮೂರು ನಾಲ್ಕು ವಾರಕ್ಕೆ ಮರಿಗಳು ತಾವೇ ತೂರಾಡುತ್ತ ಹೊರಗೆ ಬರುತ್ತವೆ, ಬೇಕೆನಿಸಿದಾಗ ಒಳಗೆ ಹೋಗುತ್ತವೆ. ಆ ಗುಂಡಿಗೆ ಬಾಗಿಲಿಲ್ಲ.

ಹಾಗೆಂದು ಕ್ರೇಟನ್ನೇ ಬಿಸಾಡಿ ಎನ್ನುವವರ ಜೊತೆಗೂ ನಾನಿಲ್ಲ. ಮರಿ ದಿನಕ್ಕೆ ಹದಿನೆಂಟು ಗಂಟೆಯವರೆಗೂ ನಿದ್ದೆ ಮಾಡುತ್ತದೆ. ಜನ ಓಡಾಡುವ ಸಣ್ಣ ಫ್ಲ್ಯಾಟಿನಲ್ಲಿ ಯಾರೂ ತುಳಿಯದ, ಎಬ್ಬಿಸದ ಮೂಲೆ ಅದಕ್ಕೆ ಬೇಕು. ಹಲ್ಲು ಬರುವಾಗ ಕರೆಂಟಿನ ವಯರು ಕಡಿಯದಂತೆ ಸ್ವಲ್ಪ ಹೊತ್ತು ಕಾಯಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಜಿಗಿಯದಂತೆ ಮಲಗಿಸಬೇಕು. ಊರಿಗೆ ಹೋಗುವಾಗ ರೈಲಿನಲ್ಲಿ ಫಸ್ಟ್ ಎಸಿಯ ಪೂರ್ತಿ ಕೂಪೆ ಸಿಗದಿದ್ದರೆ ನಾಯಿ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲೇ ಪ್ರಯಾಣ ಮಾಡಬೇಕು. ಗೂಡಿನ ರೂಢಿಯೇ ಇಲ್ಲದ ನಾಯಿಗೆ ಅದು ನರಕ. ರಾತ್ರಿಯ ಲೆಕ್ಕವೂ ಬೇರೆ. ನಿಮ್ಮ ಮಂಚದ ಪಕ್ಕದಲ್ಲೇ ಗೂಡಿಟ್ಟು, ಮರಿ ಕುಂಯ್‌ಗುಟ್ಟಿದಾಗ ಎದ್ದು ಹೊರಗೆ ಕರೆದೊಯ್ಯುವುದಾದರೆ ತೊಂದರೆಯಿಲ್ಲ. ಅಲ್ಲಿ ಅದು ಒಂಟಿಯಲ್ಲ.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಓಡಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದೂ ಅಪರಾಧವೇ. ಆದರೆ ಎಷ್ಟು ಗಂಟೆ ಎಂದು ಅಲ್ಲಿಲ್ಲ, ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಸ್ವೀಡನ್ನಿನ ನಿಯಮ ಗಂಟೆಯ ಲೆಕ್ಕದಲ್ಲೇ ಮಾತಾಡುತ್ತದೆ: ಮನೆಯೊಳಗಿನ ನಾಯಿಯನ್ನು ಹಗಲು ಕನಿಷ್ಠ 6 ಗಂಟೆಗೊಮ್ಮೆ ಹೊರಗೆ ಬಿಡಬೇಕು, ಮರಿಗಳನ್ನು ಇನ್ನೂ ಬೇಗಬೇಗ. ನಮ್ಮಲ್ಲಿ ಪೊಲೀಸರು ಬಂದು ಗಂಟೆ ಎಣಿಸಲಿ ಎಂದು ನಾನು ಕೇಳುತ್ತಿಲ್ಲ. ಎಣಿಸಬೇಕಾದವರು ನಾವು.

ಆ ಶನಿವಾರದ ನಂತರ ನಾವು ಮಾಡಿದ್ದು ದೊಡ್ಡದೇನಲ್ಲ. ಮಾವಶಿಗೆ ತಿಂಗಳಿಗೆ 1500 ರೂಪಾಯಿ ಹೆಚ್ಚು ಕೊಟ್ಟು ಹನ್ನೊಂದಕ್ಕೆ ಮರಿಯನ್ನು ಹೊರಗೆ ಬಿಟ್ಟು ಅರ್ಧ ಗಂಟೆ ಜೊತೆಗಿರಲು ಕೇಳಿಕೊಂಡೆವು. ಎರಡು ಗಂಟೆಗೆ ಎದುರು ಮನೆಯ ನಿವೃತ್ತ ಕಾಕಾ ಬರುತ್ತಿದ್ದರು. ವಾರಕ್ಕೆ ಎರಡು ದಿನ ನಾನು, ಒಂದು ದಿನ ಹೆಂಡತಿ ಮನೆಯಿಂದ ಕೆಲಸ ಮಾಡಿದೆವು. ಗೂಡಿನ ಬಾಗಿಲು ತೆಗೆದಿಟ್ಟು ಸುತ್ತ ಮರಿ ದಾಟಲಾಗದ ಬೇಲಿ ನಿಲ್ಲಿಸಿ, ಒಂದು ಮೂಲೆಯಲ್ಲಿ ಪೇಪರು, ಇನ್ನೊಂದರಲ್ಲಿ ನೀರು ಇಟ್ಟೆವು. ಫ್ಯಾನು ಓಡುತ್ತಲೇ ಇರುತ್ತಿತ್ತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುತ್ತ. ಚೆನ್ನೈಯ ಮೇ ತಿಂಗಳಲ್ಲಿ ಬಾಲ್ಕನಿಯ ಗೂಡಿನಲ್ಲಿ ಅದು ಎಷ್ಟೆಂದು ತೇಕೀತು?

ಇಷ್ಟೂ ಅನುಕೂಲ ನಮಗೆ ಸಿಕ್ಕಿದ್ದು ಅದೃಷ್ಟ. ಎದುರು ಮನೆಯ ಕಾಕಾ ಎಲ್ಲರಿಗೂ ಸಿಗುವುದಿಲ್ಲ, ಎಲ್ಲ ಆಫೀಸೂ ಮನೆಯಿಂದ ಕೆಲಸ ಮಾಡಲು ಬಿಡುವುದಿಲ್ಲ. ಅಂಥವರಿಗೆ ನಾಯಿಯ ಪ್ರೀತಿ ಕಡಿಮೆ ಎಂದು ಯಾರೂ ಹೇಳಬಾರದು. ಅವರಿಗೆ ನನ್ನ ಸಲಹೆ, ಮರಿಯ ಬದಲು ಮೂರು ನಾಲ್ಕು ವರ್ಷದ ನಾಯಿಯನ್ನು ದತ್ತು ತೆಗೆದುಕೊಳ್ಳಿ. ನಡುವೆ ಒಮ್ಮೆ ಯಾರಾದರೂ ಹೊರಗೆ ಕರೆದೊಯ್ದರೆ ಅದು ಉಳಿದ ಹೊತ್ತು ಮನೆಯಲ್ಲಿ ಮಲಗಿ ಕಳೆಯುತ್ತದೆ. ಅದಕ್ಕೂ ಜನವಿಲ್ಲದಿದ್ದರೆ ಸದ್ಯಕ್ಕೆ ಬೇಡ. ನಿಮ್ಮ ಸೊಸೈಟಿಯ ಗೇಟಿನ ಬಳಿ ಇರುವ ನಾಯಿಗೆ ಊಟ, ಲಸಿಕೆ ನೋಡಿಕೊಳ್ಳಿ. ಅದಕ್ಕೂ ನಿಮ್ಮ ಗುರುತು ಹತ್ತುತ್ತದೆ.

ಮರಿ ತರುವ ಯೋಚನೆ ಇದ್ದರೆ ಮೊದಲು ಕ್ರೇಟ್ ಹುಡುಕಬೇಡಿ. ಒಂದು ಹಾಳೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಯಾವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಬರೆಯಿರಿ. ನಾಲ್ಕು ಗಂಟೆಗಿಂತ ಉದ್ದದ ಖಾಲಿ ಜಾಗ ಕಂಡರೆ, ಅದನ್ನು ತುಂಬುವ ಮನುಷ್ಯರ ಹೆಸರು ಸಿಗುವ ತನಕ ಕಾಯಿರಿ.

ನಮ್ಮ ಗೂಡು ಈಗಲೂ ಹಾಲಿನ ಮೂಲೆಯಲ್ಲಿದೆ. ಬಾಗಿಲನ್ನು ಕಳಚಿ ಅಟ್ಟಕ್ಕೆ ಹಾಕಿದ್ದೇವೆ. ದೀಪಾವಳಿಯ ಪಟಾಕಿ ಶುರುವಾದರೆ ಚಟ್ನಿ ತಾನಾಗಿ ಅದರೊಳಗೆ ಹೋಗಿ ಮುದುಡಿ ಮಲಗುತ್ತಾಳೆ. ಹೋದ ಸಲ ಅವ್ವ ಬಂದಾಗ ಅದನ್ನು ನೋಡಿ ಏನೂ ಅನ್ನಲಿಲ್ಲ. ತನ್ನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಒಳಗೆ ಹಾಸಿದಳು.