ಕೋವಿಗೆ ಲೈಸೆನ್ಸ್ ಇದೆ, ಕಿವಿಗೆ ಏನಿದೆ?

ಮಲೆನಾಡಿನ ಯಾವುದಾದರೂ ಊರಿಗೆ ಹೋಗಿ. ಕೋವಿ ಇರುವ ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ. "ಅಜ್ಜ, ಕಾಫಿ ಆಯ್ತಾ?" ಎಂದು ಕೇಳಿದರೆ, "ಎಲ್ಲಿ ಮಾರಾಯ, ಈ ಸಲ ಮಳೆಗೆ ಎಲ್ಲಾ ಉದುರಿ ಹೋಯ್ತು" ಅನ್ನುತ್ತಾರೆ. ಮನೆಯವರೆಲ್ಲ ನಗುತ್ತಾರೆ. ಅಜ್ಜನೂ ನಗುತ್ತಾರೆ. ಆಮೇಲೆ ಬಲಗಿವಿಯನ್ನು ನಿಮ್ಮ ಕಡೆ ತಿರುಗಿಸಿ, "ಇನ್ನೊಂದ್ಸಲ ಹೇಳು" ಅನ್ನುತ್ತಾರೆ.

ಬಲಗಿವಿಯನ್ನೇ ಯಾಕೆ ತಿರುಗಿಸಿದರು? ಬಲಗೈಯವರು ಕೋವಿಯ ಹಿಡಿಯನ್ನು ಬಲ ಹೆಗಲಿಗೆ ಕೊಟ್ಟು, ತಲೆ ವಾಲಿಸಿ ಗುರಿ ಹಿಡಿಯುತ್ತಾರೆ. ಆಗ ಎಡಗಿವಿ ನಳಿಗೆಯ ಬಾಯಿಗೆ ನೇರವಾಗುತ್ತದೆ. ಬಲಗಿವಿಗೆ ತಲೆಯೇ ಸ್ವಲ್ಪ ಮರೆ. ಹಾಗಾಗಿ ಎಡಗಿವಿ ಮೊದಲು ಹಾಳಾಗುತ್ತದೆ. "ವಯಸ್ಸಾಯ್ತಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ವಯಸ್ಸು ಸಾಮಾನ್ಯವಾಗಿ ಎರಡೂ ಕಿವಿಗೆ ಒಟ್ಟಿಗೇ ಆಗುತ್ತದೆ. ಒಂದೇ ಕಿವಿ ಮೊದಲು ಹೋದರೆ ಗೋಡೆಗೆ ಒರಗಿಸಿಟ್ಟ ಕೋವಿಯನ್ನೂ ಅನುಮಾನಿಸಬೇಕು.

ಈ ಬರಹದಲ್ಲಿ ನಾವು ಹೇಳುವುದು ಇಷ್ಟೇ. ಬೆಳೆ ಕಾಯಲಿಕ್ಕೋ, ಹಬ್ಬಕ್ಕೋ, ಸ್ಪರ್ಧೆಗೋ ಕೋವಿ ಎತ್ತುವವರು ಕಿವಿ ಮುಚ್ಚದೆ ಕುದುರೆ ಎಳೆಯಬಾರದು. "ಕಿವಿ ಮುಚ್ಚಿದರೆ ಪ್ರಾಣಿ ಬರುವ ಸದ್ದು ಕೇಳಲ್ಲ" ಎಂಬ ಹಳೇ ನೆಪ ಇವತ್ತು ನಡೆಯುವುದಿಲ್ಲ.

ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. ನಾವು ಬೇಟೆಗೆ ಬೆಂಬಲ ಕೊಡುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಬೇಟೆ ಅಪರಾಧ. ರಾತ್ರಿ ಕದ್ದು ಈಡು ಹೊಡೆಯುವವರ ಪರ ವಾದಿಸಲು ನಾವು ಬಂದಿಲ್ಲ. ಆದರೆ ಕಾನೂನು ಒಪ್ಪುವ ಈಡುಗಳೂ ನಮ್ಮಲ್ಲಿ ಕಡಿಮೆ ಇಲ್ಲ.

ಕೊಡಗನ್ನೇ ನೋಡಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಅಲ್ಲಿಯದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಇಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಗುಂಡು ಹೊಡೆಯುತ್ತಾರೆ. ಪುತ್ತರಿಯಲ್ಲಿ ಕದಿರು ಕೊಯ್ಯುವ ಹೊತ್ತಿಗೂ ಒಂದು ಗುಂಡು. ಇತ್ತ ಚಿಕ್ಕಮಗಳೂರು, ಶಿವಮೊಗ್ಗ, ಹಾಸನ, ಉತ್ತರ ಕನ್ನಡ, ದಕ್ಷಿಣ ಕನ್ನಡದಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿವೆ. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗಿ ಇಟ್ಟು ಬರುವ ಅದೇ ಕೋವಿಗಳು.

ಠಾಣೆಯಲ್ಲಿ ಕೋವಿಯ ನಂಬರ್ ಬರೆದುಕೊಳ್ಳುತ್ತಾರೆ, ತೋಟೆಯ ಲೆಕ್ಕ ಕೇಳುತ್ತಾರೆ. ನಿಮ್ಮ ಕಿವಿಯ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ನೀವೂ ಕೇಳಿಕೊಳ್ಳುವುದಿಲ್ಲ.

ಈಗ ಸದ್ದಿನ ಲೆಕ್ಕಕ್ಕೆ ಬರೋಣ. ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಪ್ರತಿ 10 ಡೆಸಿಬಲ್ ಏರಿದಾಗ ಸದ್ದಿನ ಶಕ್ತಿ 10 ಪಟ್ಟು ಹೆಚ್ಚುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎಂದು ತಜ್ಞರು ಹೇಳುತ್ತಾರೆ. 140 ಡೆಸಿಬಲ್ ದಾಟಿದರೆ ಗಂಟೆಯ ಲೆಕ್ಕವೇ ಇಲ್ಲ, ಒಂದೇ ಒಂದು ಸದ್ದೂ ಕಿವಿಯನ್ನು ಕೆಡಿಸಬಹುದು. ನಮ್ಮ 12 ಬೋರ್ ಕೋವಿಯ ಸದ್ದು ಹೊಡೆಯುವವರ ಕಿವಿಯ ಹತ್ತಿರ 150 ಡೆಸಿಬಲ್‌ಗೂ ಮೇಲೆ ಹೋಗುತ್ತದೆ.

ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗವಿದೆ. ಅದರಲ್ಲಿ ಸುಮಾರು 15,000 ಸಣ್ಣ ಕೂದಲುಕೋಶಗಳಿವೆ. ಗಾಳಿಗೆ ಗದ್ದೆಯ ಪೈರು ಬಾಗಿದ ಹಾಗೆ ಅವು ಸದ್ದಿಗೆ ಬಾಗಿ ಏಳುತ್ತವೆ. ಈಡಿನ ಸದ್ದು ಬಿರುಗಾಳಿ ಇದ್ದ ಹಾಗೆ. ಗದ್ದೆಯಾದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಈ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾತ್ರೆಯಿಂದಲೂ ಬರುವುದಿಲ್ಲ, ಎಣ್ಣೆ ಬಿಟ್ಟರೂ ಬರುವುದಿಲ್ಲ.

ಮೊದಲು ಹೋಗುವುದು ತೆಳ್ಳಗಿನ, ಮೇಲಿನ ಸ್ವರದ ಸದ್ದುಗಳು. ಮಾತು ಕೇಳುತ್ತದೆ, ಆದರೆ 'ಸ', 'ಶ', 'ತ' ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಜೀರುಂಡೆಯ ಸದ್ದು ಹೋಗುತ್ತದೆ. ಮೊಮ್ಮಗಳ ಸಣ್ಣ ದನಿ ಹೋಗುತ್ತದೆ. ಅದರ ಬದಲಿಗೆ ರಾತ್ರಿಯಿಡೀ ಕಿವಿಯಲ್ಲಿ 'ಕುಂಯ್' ಎನ್ನುವ ಸದ್ದು ಬಂದು ಕೂರುತ್ತದೆ. ಈಡು ಹೊಡೆದ ದಿನ ಕಿವಿ ಕುಂಯ್‌ಗುಟ್ಟಿ ಮರುದಿನ ಸರಿಯಾದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಅದು ಎಚ್ಚರಿಕೆ.

ಇನ್ನು ನಮ್ಮವರ ನೆಪಗಳನ್ನು ಒಂದೊಂದಾಗಿ ನೋಡೋಣ.

"ನಮ್ಮಪ್ಪ ಐವತ್ತು ವರ್ಷ ಕೋವಿ ಹಿಡಿದರು, ಏನಾಯ್ತು?" ಅವರ ಹಿಂದೆ ನಿಂತು, ದನಿ ಏರಿಸದೆ ಒಮ್ಮೆ ಕರೆಯಿರಿ. ಉತ್ತರ ಬಂದರೆ ಆಮೇಲೆ ಮಾತಾಡೋಣ.

"ವರ್ಷಕ್ಕೆ ನಾಲ್ಕೇ ಈಡು." ಹಾವು ವರ್ಷಕ್ಕೆ ನಾಲ್ಕೇ ಸಲ ಕಚ್ಚುತ್ತದೆ ಎಂದು ಯಾರಾದರೂ ಸಮಾಧಾನ ಪಡುತ್ತಾರಾ?

"ಹತ್ತಿ ಇಟ್ಕೊಳ್ತೀವಿ." ಹತ್ತಿ ಚಳಿಗೆ ಆಯ್ತು. ಕೋವಿಯ ಸದ್ದನ್ನು ಅದು ತಡೆಯುವುದಿಲ್ಲ.

"ಗಂಡಸರು ಕಿವಿ ಮುಚ್ಕೊಳ್ತಾರಾ?" ಒಳ್ಳೆಯ ಶೂಟಿಂಗ್ ಕ್ಲಬ್ಬುಗಳಲ್ಲಿ ಕಿವಿ ಮುಚ್ಚದೆ ಕೋವಿ ಎತ್ತಲು ಬಿಡುವುದಿಲ್ಲ. ಪದಕ ಗೆಲ್ಲುವವರಿಗೆ ಇಲ್ಲದ ನಾಚಿಕೆ ತೆಂಗಿನಕಾಯಿ ಹೊಡೆಯುವವರಿಗೆ ಯಾಕೆ?

ಇಷ್ಟರಲ್ಲಿ ತೂಕ ಇದ್ದದ್ದು ಕೊನೆಯ ಒಂದು ವಾದಕ್ಕೆ. ರಾತ್ರಿ ಅಟ್ಟಣೆಯ ಮೇಲೆ ಕೂತವನಿಗೆ ಕಿವಿಯೇ ಕಣ್ಣು. ಹಂದಿ ಗದ್ದೆಗೆ ಇಳಿಯುವುದು, ಆನೆ ಬೈನೆ ಮರ ಮುರಿಯುವುದು ಎಲ್ಲ ಮೊದಲು ಗೊತ್ತಾಗುವುದು ಕಿವಿಗೆ. ಕಿವಿ ಮುಚ್ಚಿ ಕೂತರೆ ಬೆಳೆಯೂ ಹೋದೀತು, ಜೀವವೂ ಹೋದೀತು. ಈ ವಾದವನ್ನು ನಾವು ಒಪ್ಪುತ್ತೇವೆ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ಅಮೆರಿಕ, ನಾರ್ವೆಯಂಥ ದೇಶಗಳ ಬೇಟೆಗಾರರೂ ಇದನ್ನೇ ಹೇಳುತ್ತಿದ್ದರು: ಜಿಂಕೆಯ ಹೆಜ್ಜೆ ಕೇಳಬೇಕು, ಹಾಗಾಗಿ ಕಿವಿ ಮುಚ್ಚಲ್ಲ. ಅವರಿಗೆ ಸಿಕ್ಕಿದ ಉತ್ತರ ಎಲೆಕ್ಟ್ರಾನಿಕ್ ಇಯರ್‌ಮಫ್.

ನೋಡಲು ದಪ್ಪ ಹೆಡ್‌ಫೋನಿನ ಹಾಗಿರುತ್ತದೆ. ಎರಡು ಬಟ್ಟಲು ಕಿವಿಯನ್ನು ಪೂರ್ತಿ ಮುಚ್ಚುತ್ತವೆ. ಹೊರಗಡೆ ಪುಟ್ಟ ಮೈಕ್ ಇರುತ್ತದೆ. ಎಲೆ ಸರಿದ ಸದ್ದು, ಪಕ್ಕದವರ ಪಿಸುಮಾತು ಮೈಕಿನಿಂದ ಒಳಗಿನ ಸ್ಪೀಕರಿಗೆ ಬರುತ್ತದೆ. ಬೇಕಿದ್ದರೆ ಇನ್ನಷ್ಟು ಜೋರು ಮಾಡಿಕೊಳ್ಳಬಹುದು. ಈಡು ಹಾರಿದ ಕ್ಷಣವೇ ಸ್ಪೀಕರಿನ ಸದ್ದು ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಆಗ ಕಿವಿ ಕಾಯುವುದು ಬಟ್ಟಲು. ಬ್ಯಾಟರಿ ಮುಗಿದರೂ ಬಟ್ಟಲಿನ ರಕ್ಷಣೆ ಇದ್ದೇ ಇರುತ್ತದೆ.

ಇದರಲ್ಲೂ ಕೊರತೆಗಳಿವೆ. ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಬರಿಗಿವಿಯಷ್ಟು ಸರಿಯಾಗಿ ತಿಳಿಯುವುದಿಲ್ಲ. ಮೊದಲು ಮನೆಯಂಗಳದಲ್ಲಿ ಹಾಕಿಕೊಂಡು ರೂಢಿ ಮಾಡಿಕೊಳ್ಳಿ. ಕನ್ನಡಕದ ಕಡ್ಡಿಯಿಂದಲೋ ಮಂಕಿ ಕ್ಯಾಪಿನಿಂದಲೋ ಸಂದು ಬಿಟ್ಟರೆ ಸದ್ದು ಒಳಗೆ ನುಗ್ಗುತ್ತದೆ. ಮಳೆಗೆ ಮೈಕ್ ಹಾಳಾಗಬಹುದು. ಕೊಳ್ಳುವಾಗ ಎಷ್ಟು ಡೆಸಿಬಲ್ ತಗ್ಗಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆಯಾ ನೋಡಿ. 20ಕ್ಕಿಂತ ಹೆಚ್ಚಿರಲಿ. ಹಾಡು ಕೇಳುವ ಬ್ಲೂಟೂತ್ ಇಯರ್‌ಫೋನ್ ಇದಕ್ಕೆ ಆಗುವುದಿಲ್ಲ, 'ನಾಯ್ಸ್ ಕ್ಯಾನ್ಸಲಿಂಗ್' ಎಂದು ಬರೆದಿದ್ದರೂ ಆಗುವುದಿಲ್ಲ.

ಕೆಲವು ಸಾವಿರ ರೂಪಾಯಿ ಖರ್ಚು ನಿಜ. ಆದರೆ ಕೋವಿಗೆ, ತೋಟೆಗೆ, ಲೈಸೆನ್ಸ್ ರಿನ್ಯೂವಲ್‌ಗೆ ಓಡಾಡುವ ಖರ್ಚಿಗೆ ಹೋಲಿಸಿ ನೋಡಿ. ಇದೇ ಮಫ್ ಕಳೆ ಕೊಚ್ಚುವ ಮಿಷನ್, ಮರ ಕೊಯ್ಯುವ ಮಿಷನ್ ಹಿಡಿದಾಗಲೂ ಬೇಕು. ದುಡ್ಡಿಲ್ಲವೇ? ಮೆಡಿಕಲ್ ಶಾಪಿನಲ್ಲೋ ಆನ್‌ಲೈನಿನಲ್ಲೋ ಸಿಗುವ ಫೋಮ್ ಇಯರ್‌ಪ್ಲಗ್ ತನ್ನಿ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಉಬ್ಬುವ ತನಕ ಬೆರಳು ಒತ್ತಿ ಹಿಡಿಯಿರಿ. ಸ್ಪರ್ಧೆಗೆ ಅಷ್ಟು ಸಾಕು. ಅಲ್ಲಿ ಯಾವ ಆನೆಯ ಸದ್ದೂ ಕೇಳಬೇಕಿಲ್ಲ.

ಸ್ಪರ್ಧೆ ನಡೆಸುವ ಸಂಘಗಳಿಗೆ ನಮ್ಮದೊಂದು ನೇರ ಪ್ರಶ್ನೆ. ಬಹುಮಾನಕ್ಕೆ, ಶಾಮಿಯಾನಕ್ಕೆ, ಮೈಕ್ ಸೆಟ್ಟಿಗೆ ದುಡ್ಡು ಕೂಡಿಸುತ್ತೀರಿ. ಒಂದು ಪೆಟ್ಟಿಗೆ ಇಯರ್‌ಪ್ಲಗ್ ತರಿಸಲು ಯಾಕೆ ಆಗುವುದಿಲ್ಲ? ಹೊಡೆಯುವವರ ಪಕ್ಕದಲ್ಲೇ ಮಕ್ಕಳು ಬರಿಗಿವಿಯಲ್ಲಿ ನಿಂತಿರುತ್ತಾರೆ. ಫೋಟೋಗೆ ಅವರನ್ನು ಇನ್ನೂ ಮುಂದಕ್ಕೆ ಕರೆಯುತ್ತೀರಿ. "ಕಿವಿ ಮುಚ್ಚದವರಿಗೆ ಕೋವಿ ಇಲ್ಲ, ಮಕ್ಕಳು ದೂರ ನಿಲ್ಲಲಿ" ಎಂದು ಮೈಕಿನಲ್ಲಿ ಕೂಗಿದರೆ ಹಬ್ಬದ ಕಳೆ ಕಡಿಮೆಯಾಗುತ್ತದಾ?

ಇನ್ನೊಂದು ಪ್ರಶ್ನೆ ಅರಣ್ಯ ಇಲಾಖೆಗೆ. ಆನೆ ಓಡಿಸಲು ಪಟಾಕಿ ಸಿಡಿಸಿ, ಗಾಳಿಯಲ್ಲಿ ಗುಂಡು ಹಾರಿಸುವ ವಾಚರ್‌ಗಳಲ್ಲಿ ಹಲವರು ದಿನಗೂಲಿ, ಹೊರಗುತ್ತಿಗೆಯ ಹುಡುಗರು. ಪಟಾಕಿಯ ಸದ್ದು 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟಬಾರದು ಎಂದು 1999ರಿಂದ ನಿಯಮವಿದೆ. ಕೈಯಲ್ಲೇ ಹಚ್ಚಿ ಎಸೆಯುವವನಿಗೆ ಆ 4 ಮೀಟರ್ ಎಲ್ಲಿಂದ ಬರಬೇಕು? ಆನೆ ಎಲ್ಲಿದೆ ಎಂದು ತಿಳಿಯಲು ಅವನಿಗೆ ಕಿವಿಯೇ ಆಧಾರ. ಎಲೆಕ್ಟ್ರಾನಿಕ್ ಇಯರ್‌ಮಫ್ ಎಲ್ಲರಿಗಿಂತ ಮೊದಲು ಸಿಗಬೇಕಾದದ್ದು ಅವನಿಗೆ. ಟಾರ್ಚು, ಬೂಟಿನ ಜೊತೆ ಅದನ್ನೂ ಕೊಡಿ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಡೀ ದೇಶದವರು ಅಲ್ಲಿಗೆ ಬರುತ್ತಾರೆ. ಪಕ್ಕದ ಕೊಡಗಿನ, ಹಾಸನದ ವಾಚರ್‌ಗೆ ಮಾತ್ರ ಅದು ಇನ್ನೂ ದೂರ.

ಕೋವಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಅಜ್ಜನದು ಅಪ್ಪನಿಗೆ, ಅಪ್ಪನದು ಮಗನಿಗೆ. ಅದರ ಜೊತೆ ಕೆಪ್ಪತನವೂ ಬರಬೇಕೆಂದು ಯಾವ ಪದ್ಧತಿಯೂ ಹೇಳುವುದಿಲ್ಲ. ಮುಂದಿನ ಸಲ ಕೋವಿಗೆ ಎಣ್ಣೆ ಹಾಕಿ ಒರೆಸಿಡುವಾಗ ಪಕ್ಕದಲ್ಲಿ ಒಂದು ಜೊತೆ ಇಯರ್‌ಪ್ಲಗ್ ಆದರೂ ಇಡಿ.

ಈ ಬರಹವನ್ನು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ. ಬಲಗಿವಿಯ ಕಡೆ ಕೂತು.