ಬ್ರೇಕ್ ಯಾರದ್ದು?

ಅಪಾಯಕಾರಿ ಸೈಕಲ್ ಸವಾರಿಯ ವಿಡಿಯೋ ನೋಡಿ ‘ವಾಹ್’ ಎನ್ನುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ಪಣಕ್ಕಿಟ್ಟಿರುವುದು ಯಾರ ಪ್ರಾಣ?

ಸ್ಕಾಟ್ಲೆಂಡಿನ ಡ್ಯಾನಿ ಮೆಕ್ಯಾಸ್ಕಿಲ್ 2009ರಲ್ಲಿ ಎಡಿನ್‌ಬರೋದ ಬೀದಿಗಳಲ್ಲಿ ಮಾಡಿದ ಸಾಹಸಗಳ ವಿಡಿಯೋವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮೊನಚು ಸರಳುಗಳ ಕಬ್ಬಿಣದ ಬೇಲಿಯ ಮೇಲೆ ಸೈಕಲ್ ಓಡಿಸುತ್ತಾನೆ. ಗೆಲ್ಲುವ ಮೊದಲು ಮತ್ತೆ ಮತ್ತೆ ಸೋಲುತ್ತಾನೆ. ಸೋತದ್ದನ್ನೂ ವಿಡಿಯೋ ಮುಚ್ಚಿಡುವುದಿಲ್ಲ. ತಪ್ಪಿದರೆ ಮುರಿಯುವುದು ಅವನದೇ ಎಲುಬು. ಅವನನ್ನು ಮೆಚ್ಚಲು ನನಗೆ ಅಳುಕಿಲ್ಲ.

ಲ್ಯೂಕಸ್ ಬ್ರುನೆಲ್‌ನ ಚಿತ್ರಗಳ ಮಾತು ಬೇರೆ. ನ್ಯೂಯಾರ್ಕಿನಂಥ ನಗರಗಳಲ್ಲಿ ಸೈಕಲ್ ಕೊರಿಯರ್‌ಗಳು ವಾಹನ ಓಡಾಡುವ ರಸ್ತೆಯಲ್ಲೇ ನಡೆಸುವ ‘ಆಲಿಕ್ಯಾಟ್’ ಪಂದ್ಯಗಳನ್ನು ಅವನು ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು, ಅವರ ಬೆನ್ನಿಗೇ ಸವಾರಿ ಮಾಡುತ್ತ ಸೆರೆಹಿಡಿದ. 2012ರ ‘ಲೈನ್ ಆಫ್ ಸೈಟ್’ ಇಂಥ ದೃಶ್ಯಗಳಿಂದಲೇ ಕಟ್ಟಿದ ಚಿತ್ರ. ನೋಡಿದರೆ ಮೈ ಜುಮ್ಮೆನ್ನುವುದು ನಿಜ. ಆದರೆ ಆ ಚೌಕಟ್ಟಿನಲ್ಲಿ ರಸ್ತೆ ದಾಟುವವರೆಲ್ಲ ಬಳಸಿ ಹೋಗಬೇಕಾದ ಕಂಬಗಳು. ಸವಾರ ಬದುಕುವುದಕ್ಕೆ ಅವನ ಚಳಕ ಎಷ್ಟು ಕಾರಣವೋ, ಬೆಚ್ಚಿ ಬ್ರೇಕ್ ಒತ್ತಿದ ಟ್ಯಾಕ್ಸಿಯವನೂ, ಒಂದು ಹೆಜ್ಜೆ ಹಿಂದೆ ಸರಿದ ಪಾದಚಾರಿಯೂ ಅಷ್ಟೇ ಕಾರಣ. ಚಪ್ಪಾಳೆ ಮಾತ್ರ ಒಬ್ಬನಿಗೇ.

ಆ ಪಾದಚಾರಿ ಸರಿಯದಿದ್ದರೆ? 2016ರ ಫೆಬ್ರವರಿಯಲ್ಲಿ ಲಂಡನ್ನಿನ ಓಲ್ಡ್ ಸ್ಟ್ರೀಟಿನಲ್ಲಿ 18 ವರ್ಷದ ಹುಡುಗನೊಬ್ಬ 44 ವರ್ಷದ ಹೆಣ್ಣುಮಗಳೊಬ್ಬರಿಗೆ ಡಿಕ್ಕಿ ಹೊಡೆದ. ಅವನದು ಫಿಕ್ಸೆಡ್ ಗೇರ್ ಸೈಕಲ್. ಕಾನೂನು ಕಡ್ಡಾಯ ಮಾಡಿದ್ದ ಮುಂದಿನ ಬ್ರೇಕ್ ಅದಕ್ಕಿರಲಿಲ್ಲ. ದಾರಿ ಬಿಡುವಂತೆ ಎರಡು ಸಲ ಕೂಗಿದ್ದ. ಅಂದರೆ ಅವನ ಬ್ರೇಕು ಆಕೆಯೇ ಆಗಬೇಕಿತ್ತು. ಇಬ್ಬರು ಮಕ್ಕಳ ಆ ತಾಯಿ ಒಂದು ವಾರದ ನಂತರ ತೀರಿಕೊಂಡರು. ಬ್ರೇಕ್ ಕಳಚಿ ಓಡಿಸಿದಾಗ ಬ್ರುನೆಲ್‌ನ ಸಿನಿಮಾದೊಳಗೇ ಇದ್ದಂತಾಗುತ್ತದೆ ಎಂಬರ್ಥದಲ್ಲಿ ಆ ಹುಡುಗ ಹಿಂದೊಮ್ಮೆ ಟ್ವೀಟ್ ಮಾಡಿದ್ದು ವಿಚಾರಣೆಯಲ್ಲಿ ಹೊರಬಂತು. ನರಹತ್ಯೆಯ ಆರೋಪ ನಿಲ್ಲಲಿಲ್ಲ; ಕುದುರೆಗಾಡಿಗಳ ಕಾಲದ 1861ರ ಕಾಯ್ದೆಯಡಿ 2017ರಲ್ಲಿ 18 ತಿಂಗಳ ಶಿಕ್ಷೆಯಾಯಿತು.

ಸಿನಿಮಾವೇ ಆಕೆಯನ್ನು ಕೊಂದಿತು ಎಂದು ನಾನು ಹೇಳುತ್ತಿಲ್ಲ. ಅದನ್ನು ಮೆಚ್ಚಿದವರ ಗುಂಪು ಒಂದು ಸುಳ್ಳನ್ನು ಬೆಳೆಸಿತು ಎನ್ನುತ್ತಿದ್ದೇನೆ: ಬ್ರೇಕ್ ಇಲ್ಲದಿರುವುದೇ ಧೈರ್ಯ ಎಂಬ ಸುಳ್ಳು.

‘ಕಾರುಗಳು ಕೊಲ್ಲುವುದರ ಮುಂದೆ ಇದೆಷ್ಟರದು?’ ಎನ್ನುವವರಿದ್ದಾರೆ. ಲೆಕ್ಕ ಸರಿ. ಆದರೆ ಕಾರಿನವರ ಸೊಕ್ಕನ್ನು ಬೈಯುವ ನಾವು, ಅದೇ ಸೊಕ್ಕು ಎರಡು ಚಕ್ರದ ಮೇಲೆ ಬಂದಾಗ ಸ್ವಾತಂತ್ರ್ಯ ಎಂದು ಹಾಡಿ ಹೊಗಳುವುದು ಯಾವ ನ್ಯಾಯ? ಸಾಹಿತ್ಯ ಓದುವವರಿಗೆ ಈ ರೋಗ ತುಸು ಹೆಚ್ಚೇ. ನಿಯಮ ಮುರಿಯುವವನೆಲ್ಲ ನಮಗೆ ಬಂಡಾಯಗಾರನಾಗಿ ಕಾಣುತ್ತಾನೆ. ಬಂಡಾಯ ಬಲವಿದ್ದವರ ಎದುರು ನಡೆಯಬೇಕು. ಕೆಂಪು ದೀಪವೋ, ಕೋಲೂರಿಕೊಂಡು ರಸ್ತೆ ದಾಟುವವರಿಗೆ ಊರು ಕೊಡುವ ಅರ್ಧ ನಿಮಿಷ. ಅದನ್ನು ಕಸಿದುಕೊಳ್ಳುವುದರಲ್ಲಿ ಎಂಥ ಬಂಡಾಯ?

ಜಾತ್ರೆಯಲ್ಲಿ ಹಗ್ಗದ ಮೇಲೆ ನಡೆಯುವವನು ನೋಡಲು ಬಂದವರ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆಯುವುದಿಲ್ಲ. ತನ್ನ ಪ್ರಾಣವನ್ನು ಒತ್ತೆಯಿಡುವವನಿಗೆ ಚಪ್ಪಾಳೆ ತಟ್ಟೋಣ. ಕೇಳದೆ ಇನ್ನೊಬ್ಬರ ಪ್ರಾಣ ಒತ್ತೆಯಿಡುವವನಿಗೆ ನಮ್ಮ ಮೆಚ್ಚುಗೆಯೇ ಬಹುಮಾನ. ಅದನ್ನು ಕೊಡದಿರುವುದು ನಮ್ಮ ಕೈಯಲ್ಲಿರುವ ಬ್ರೇಕ್.