ಪೋಷಕತ್ವದ ಪತ್ರ ಬಡವರಿಗೂ ಸಿಗಲಿ

ಬುದ್ಧಿಮಾಂದ್ಯ ಮಗನಿಗೆ 18 ತುಂಬಿದ ಮೇಲೆ ಅವನ ಪರವಾಗಿ ಹೆತ್ತ ತಾಯಿ ಹಾಕುವ ಸಹಿಗೂ ಕಾನೂನಿನಲ್ಲಿ ಬೆಲೆಯಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ ಆಕೆಯನ್ನು ಪೋಷಕಳೆಂದು ನೇಮಿಸಬೇಕು. ಕಾಯ್ದೆ ಒಳ್ಳೆಯದೇ, ಕೋರ್ಟಿಗೆ ಅಲೆಯುವ ಹಂಗಿಲ್ಲ. ಆದರೆ ಸಮಿತಿಯಿರುವುದು ಬಳ್ಳಾರಿಯಲ್ಲಿ. ಸಿರುಗುಪ್ಪದಲ್ಲಿ ಭತ್ತದ ನಾಟಿಗೆ ಹೋಗುವ ತಾಯಿಗೆ, ಕುರುಗೋಡಿನ ಕೂಲಿಕಾರ ತಂದೆಗೆ ಒಂದೊಂದು ಓಡಾಟಕ್ಕೂ ದಿನದ ಕೂಲಿ ಖೋತಾ, ಮೇಲೆ ಬಸ್ಸಿನ ಖರ್ಚು. ಸಮಿತಿಯೇ ತಾಲ್ಲೂಕು ಕಚೇರಿಗಳಿಗೆ ಬಂದು ಕೂರಬೇಕೆಂದು ನಾವು ಒತ್ತಾಯಿಸುತ್ತೇವೆ.

ಇನ್ನೊಂದು ಮಾತು. ಮಗನ ಪಾಲಿಗೆ ನಾಲ್ಕು ಎಕರೆ ನೀರಾವರಿ ಇದ್ದರೆ ಸಾಕು, ತಾಯ್ತಂದೆ ತೀರಿದ ಮೇಲೆ ಪೋಷಕರಾಗಲು ದಾಯಾದಿಗಳೇ ಮುಗಿಬೀಳುತ್ತಾರೆ! ನೇಮಕವಾದ 6 ತಿಂಗಳೊಳಗೆ ಆಸ್ತಿಯ ಪಟ್ಟಿ, ಆಮೇಲೆ ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನೇಮಕದ ಪತ್ರ ಕೊಟ್ಟ ಸಮಿತಿ ಆ ಲೆಕ್ಕವನ್ನೂ ಕೇಳಲಿ. ಆಸ್ತಿ ನುಂಗಿದವನನ್ನು 17ನೇ ಕಲಮಿನಂತೆ ಕಿತ್ತುಹಾಕಲಿ.